ಹಸಿರು ಶಾಯಿಯ ಪದಬಂಧ

ಒಂದು ಸಿನಿಮಾ ಪತ್ರಿಕೆಗಾಗಿ ನಾನು ಹೆಡ್‌ಮಾಸ್ತರರ ಜೊತೆ ಜಗಳಾಡಿದ್ದು ಖರೇ. ಬ್ಯಾಡಗಿ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ, ಲೈಬ್ರರಿಯೂ ನನ್ನ ಪಾಲಿಗೇ ಬಂದಿತ್ತು. ಆ ವರ್ಷ ತರಿಸುವ ಪತ್ರಿಕೆಗಳ ಪಟ್ಟಿಯಲ್ಲಿ ಅದನ್ನೂ ಬರೆದಿದ್ದೆ.

"ಏನ್ರಿ ಮೇಡಂ ಇದು? ಇದನ್ನ ಓದಿದ್ರ ಹುಡುಗ್ಯಾರು ಕೆಡ್ತಾರ" ಅಂದರು.

ಹೋದ ವರ್ಷ ಅವರೇ ಆರಿಸಿದ್ದ ಜ್ಞಾನದ ಮಾಸಪತ್ರಿಕೆಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಒಂದರ ಸುತ್ತುಕಾಗದವನ್ನೂ ಯಾರೂ ಬಿಚ್ಚಿರಲಿಲ್ಲ.

"ಇವನ್ನ ತರಿಸಿ ಯಾರೂ ಸುಧಾರಿಸಿಲ್ರಿ ಸರ್. ಸಿನಿಮಾದ್ದು ಹೊಡದು ಹಾಕಿದ್ರ ಪಟ್ಟಿ ನಾ ಬರಿಯಂಗಿಲ್ಲ, ನೀವ ಬರೀರಿ."

ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಪ್ರತಿ ಸಂಚಿಕಿ ಮೊದಲ ನಾ ನೋಡ್ತೇನಿ. ಮಕ್ಕಳಿಗೆ ಯೋಗ್ಯ ಅನಿಸಿದ್ರಷ್ಟ ಕೊಡ್ತೇನಿ."

ಅವರ ಕೋಣೆಗೆ ಹೋದ ಮೊದಲ ಸಂಚಿಕೆ ಎಂಟು ದಿನವಾದರೂ ಲೈಬ್ರರಿಗೆ ತಿರುಗಿ ಬರಲಿಲ್ಲ. ಪುಸ್ತಕ ಮರಳಿಸಲು ತಡಮಾಡಿದ ಮಕ್ಕಳಿಗೆ ಕಳಿಸುವ ಚೀಟಿಯಲ್ಲೇ ಹೆಡ್‌ಮಾಸ್ತರರ ಹೆಸರು ಬರೆದು ಕಳಿಸಿದೆ. ಮಧ್ಯಾಹ್ನದೊಳಗೆ ಪತ್ರಿಕೆ ಬಂತು. ಕೊನೆಯ ಪುಟದ ಪದಬಂಧ ಹಸಿರು ಶಾಯಿಯಲ್ಲಿ ಪೂರ್ತಿ ತುಂಬಿತ್ತು. ನಮ್ಮ ಶಾಲೆಯಲ್ಲಿ ಹಸಿರು ಶಾಯಿ ಬಳಸುವ ಅಧಿಕಾರ ಗೆಜೆಟೆಡ್ ಅಧಿಕಾರಿಯಾದ ಅವರೊಬ್ಬರಿಗೇ ಇತ್ತು.

ಆ ಪುಟವನ್ನೇ ತೆರೆದು ಓದುವ ಮೇಜಿನ ಮೇಲಿಟ್ಟೆ. ಸಂಜೆ ಊರಿನ ಬಸ್ಸಿಗೆ ಕಾಯುತ್ತ ಲೈಬ್ರರಿಯಲ್ಲಿ ಕೂತ ಕದರಮಂಡಲಗಿಯ ಹುಡುಗಿಯರು ಅದರಲ್ಲಿ ಮೂರು ತಪ್ಪು ಹುಡುಕಿದರು.

ಕೆಂಪು ಪೆನ್ನು ನಾನೇ ಕೊಟ್ಟೆ.