ಏನೋ ನಡೀತಾಳೆ, ಅಷ್ಟೆ

ನನ್ನ ಮಗಳು ನಡಿಗೆಯ ಸ್ಪರ್ಧೆಗೆ ಇಳಿಯುತ್ತಿದ್ದಳು. ಓಟವಲ್ಲ, ನಡಿಗೆ. ಇದನ್ನು ಹೇಳಿದ ಕೂಡಲೇ ನಮ್ಮ ಜನ ನಗುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. "ವಾಕಿಂಗಾ? ನಮ್ಮ ಮಾವನವರು ಶುಗರ್‌ಗೆ ಅಂತ ದಿನಾ ಮಾಡ್ತಾರಲ್ಲ" ಎಂದು ಒಂದು ಹುಟ್ಟುಹಬ್ಬದ ಊಟದಲ್ಲಿ ಒಬ್ಬರು ಹೇಳಿದ್ದರು. ನಾನೂ ಜೊತೆಗೆ ನಕ್ಕೆ. ಆಮೇಲೆ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ನಗುವವರು ಒಂದು ಸಲ ಹಾಗೆ ನಡೆದು ನೋಡಬೇಕು. ಒಂದು ಪಾದ ಯಾವಾಗಲೂ ನೆಲದ ಮೇಲಿರಬೇಕು. ಮುಂದಿಟ್ಟ ಕಾಲಿನ ಮಂಡಿ ಮಡಚಬಾರದು. ದಾರಿಯುದ್ದಕ್ಕೂ ತೀರ್ಪುಗಾರರು ಹಳದಿ ಬಿಲ್ಲೆ ಹಿಡಿದು ನಿಂತಿರುತ್ತಾರೆ. ಮಂಡಿ ಮಡಚಿದ್ದು ಕಂಡರೆ ಮೊದಲು ಎಚ್ಚರಿಕೆ, ಆಮೇಲೆ ಕೆಂಪು ಕಾರ್ಡು, ಮೂರು ಕೆಂಪಾದರೆ ಮನೆಗೆ. ನಾನು ಇಲ್ಲಿ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ರಕ್ತಪರೀಕ್ಷೆಗೆ ರಕ್ತ ತೆಗೆಯುವ ಕೆಲಸದವಳು. ಚರ್ಮದಡಿಯ ನರ ಹುಡುಕಿ ಹುಡುಕಿ ಕಣ್ಣು ಪಳಗಿದೆ. ಐವತ್ತು ಮೀಟರ್ ದೂರದಿಂದ ಯಾವ ಹುಡುಗಿಯ ಮಂಡಿ ಸಡಿಲವಾಗಿದೆ ಎಂದು ತೀರ್ಪುಗಾರರಿಗಿಂತ ಮೊದಲು ನನಗೆ ಕಾಣುತ್ತಿತ್ತು. ನನ್ನ ಮಗಳದ್ದು ಕೊನೆಯ ಸುತ್ತಿನಲ್ಲೂ ನೆಟ್ಟಗೆ ಇರುತ್ತಿತ್ತು. ಅಷ್ಟು ಚೆಂದದ ನಡಿಗೆಯನ್ನು ನಾನು ಇನ್ನೊಬ್ಬರಲ್ಲಿ ನೋಡಿಲ್ಲ. ಈ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಆದರೆ ಹೇಳಬೇಕಾದ ಹೊತ್ತಿನಲ್ಲಿ ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ಅದಕ್ಕೆ ಕಾರಣ ಉಂಟು. ಅವಳಿಗೆ ಮೊದಲ ಪದಕ ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾಗಿ ಕೆಲಸದಲ್ಲಿ, ಭಜನೆಗೆ ಹೋದ ಮನೆಯಲ್ಲಿ, ಅಂಗಡಿಯ ಸಾಲಿನಲ್ಲಿ ಎಲ್ಲ ಕಡೆ ಸಾರಿಕೊಂಡು ಬಂದಿದ್ದೆ. ಮರುವಾರ ಅವಳ ಪಾದ ಉಳುಕಿತು, ಮೂರು ತಿಂಗಳು ಮೂಲೆಗೆ ಬಿದ್ದಳು. ಉಡುಪಿಯಿಂದ ನನ್ನ ಅತ್ತೆ ಫೋನಿನಲ್ಲಿ, "ಹೆತ್ತವಳ ಕಣ್ಣೇ ಮೊದಲು ತಾಗುವುದು, ಬಾಯಿ ಬಿಗಿ ಹಿಡಿ" ಎಂದರು. ಅವತ್ತಿನಿಂದ ಹಿಡಿದೆ. ಯಾರಾದರೂ ಕೇಳಿದರೆ "ಅಂಥದ್ದೇನಿಲ್ಲ, ಏನೋ ನಡೀತಾಳೆ, ಅಷ್ಟೆ" ಎಂದು ಮಾತು ಮುಗಿಸುತ್ತಿದ್ದೆ. ಪ್ರತಿ ಸ್ಪರ್ಧೆಯ ಮರುದಿನ ಉಪ್ಪು, ಒಣಮೆಣಸು ನಿವಾಳಿಸಿ ಹಿತ್ತಿಲ ಬಾರ್ಬೆಕ್ಯೂ ಒಲೆಯಲ್ಲಿ ಸುಡುತ್ತಿದ್ದೆ. ಒಳಗೆ ಸುಟ್ಟರೆ ಹೊಗೆಯ ಅಲಾರಂ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಮಗಳು ನಗುತ್ತ ನಿಂತು ಸುತ್ತಿಸಿಕೊಳ್ಳುತ್ತಿದ್ದಳು.

ಹನ್ನೆರಡನೆಯ ತರಗತಿಯ ವರ್ಷ ಅವಳಿಗೆ ಮೆಲ್ಬರ್ನ್‌ನ ಒಬ್ಬ ಕೋಚ್ ಕರೆ ಕಳುಹಿಸಿದ. ಈ ನಡಿಗೆಯವರ ಒಳ್ಳೆಯ ಗುಂಪೊಂದು ಅವನ ಕೈಕೆಳಗಿತ್ತು. ಬಾ, ಆದರೆ ಮಂಗಳವಾರ ಮತ್ತು ಶುಕ್ರವಾರದ ಬೆಳಗ್ಗೆ ತಪ್ಪಿಸುವಂತಿಲ್ಲ ಎಂದ. ಶುಕ್ರವಾರ ಉದ್ದದ ನಡಿಗೆ, ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥವಂತೆ. ಹಾಗಾದರೆ ಓದು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಅವಳು ಒಂದು ದೊಡ್ಡ ಯೂನಿವರ್ಸಿಟಿಗೆ ತನ್ನ ತರಬೇತಿಯ ವಿಷಯ ಬರೆದು ಕೇಳಿದಳು. ಅಲ್ಲಿಂದ ಯಂತ್ರ ಬರೆದ ಉತ್ತರ ಬಂತು, ಕೆಳಗೊಂದು ಲಿಂಕು. ಆಮೇಲೆ ಅವಳೇ ಹುಡುಕಿ ತೆಗೆದದ್ದು ಆ ಸಣ್ಣ ಕಾಲೇಜು. ಇಡೀ ಕಾಲೇಜಿಗೆ ನೂರು ಚಿಲ್ಲರೆ ಮಕ್ಕಳು. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ, ಸ್ವಲ್ಪ ವಿಜ್ಞಾನ, ಎಲ್ಲವನ್ನೂ ಎಲ್ಲರೂ ಓದುವುದು. ಹತ್ತೇ ಮಕ್ಕಳು ಒಂದು ಮೇಜಿನ ಸುತ್ತ ಕೂತು ಚರ್ಚೆ ಮಾಡುವುದು. ಕೋಚ್‌ನ ಮೈದಾನಕ್ಕೆ ಅಲ್ಲಿಂದ ಸೈಕಲ್ಲಿನಲ್ಲಿ ಕಾಲು ಗಂಟೆ.

"ಎಂತ ಮಾರಾಯ್ತಿ ಇದು? ಎಲ್ಲ ಓದಿ ಕೊನೆಗೆ ಎಂತ ಆಗ್ತಾರೆ ಇವರು?" ಎಂದು ನನ್ನ ಗಂಡ ಆ ಕಾಲೇಜಿನ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು. ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತ ಮನುಷ್ಯ, ಕಲಿತದ್ದಕ್ಕೂ ಕೆಲಸಕ್ಕೂ ನೇರ ಗೆರೆ ಇರಬೇಕು ಅವರಿಗೆ. ಫಿಸಿಯೋಥೆರಪಿ ಓದಲಿ, ನಡಿಗೆಯೂ ಅದರಲ್ಲೇ ಬಂತಲ್ಲ ಎಂಬುದು ಅವರ ಲೆಕ್ಕ. ನಾನು ಮೊದಮೊದಲು ಅವರ ಪಕ್ಷವೇ. ಅಲ್ಲಿ ಟ್ರ್ಯಾಕ್ ಇಲ್ಲ, ತಂಡ ಇಲ್ಲ, ಬಿದ್ದರೆ ನೋಡುವ ಡಾಕ್ಟರಿಲ್ಲ, ಆಟದವಳಿಗೆ ಅದು ಹೇಗೆ ಹೊಂದುತ್ತದೆ ಎಂದು ಕೇಳಿದೆ. ನಾವಿಬ್ಬರೂ ತುಳುವಿನಲ್ಲಿ ವಾದ ಮಾಡುತ್ತಿದ್ದರೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಗೆ ತುಳುವೂ ಅರ್ಥವಾಗುತ್ತದೆ, ಕನ್ನಡವೂ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

ಅವಳು ಹೇಳಿದ್ದು ಇಷ್ಟು. ತಂಡ ಕೋಚ್ ಹತ್ತಿರ ಇದೆ, ಕಾಲೇಜಿನಿಂದ ಅದು ಬೇಡ. ದೊಡ್ಡ ಜಾಗದಲ್ಲಿ ನಾನು ಬಂದರೂ ಯಾರಿಗೂ ತಿಳಿಯುವುದಿಲ್ಲ, ಬಾರದಿದ್ದರೂ ತಿಳಿಯುವುದಿಲ್ಲ. ಸಣ್ಣ ಜಾಗದಲ್ಲಿ ಎದುರು ಕೂತು ಮಾತಾಡಬಹುದು, ನನಗೆ ಬೇಕಾದ್ದನ್ನು ಕೇಳಬಹುದು. ಕೇಳುವುದು ಒಂದೇ ಒಂದು: ಮಂಗಳವಾರ ಬೆಳಗ್ಗೆ ಹೇಗೂ ಪಾಠವಿಲ್ಲ, ಶುಕ್ರವಾರ ಬೆಳಗಿನ ಚರ್ಚೆಯನ್ನು ಮಧ್ಯಾಹ್ನಕ್ಕೆ ಹಾಕಿ ಅಂತ.

ಅವಳು ಹಾಗೆ ಬಿಡಿಸಿ ಹೇಳಿದ ಮೇಲೆ ನನ್ನ ಮನಸ್ಸು ತಿರುಗಿತು. ನಾನೇ ಗಂಡನನ್ನು ಒಪ್ಪಿಸಿದೆ. ಮೆಲ್ಬರ್ನ್‌ನ ಅಂಚಿನ ಕ್ರೇಗಿಬರ್ನ್‌ನಲ್ಲಿ ಅವರ ತಂಗಿಯ ಮನೆಯೂ ಇತ್ತು, ಭಾನುವಾರದ ಊಟಕ್ಕಾದರೂ ಒಂದು ಆಸರೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಅವಳ ವಿರುದ್ಧ ಇದ್ದೆ ಎಂದು ಯಾರೂ ತಿಳಿಯಬಾರದು. ಆ ದಿನ ಕಾಲೇಜಿನ ಮೆಟ್ಟಿಲು ಹತ್ತುವಾಗ ಅವಳಿಗಿಂತ ನನಗೇ ಆ ಸೀಟು ಹೆಚ್ಚು ಬೇಕಾಗಿತ್ತು.

ಒಂಬತ್ತು ಗಂಟೆ ಕಾರು ಓಡಿಸಿ ಹಿಂದಿನ ದಿನವೇ ಕ್ರೇಗಿಬರ್ನ್ ತಲುಪಿದ್ದೆವು. ನಾದಿನಿ ನೀರುದೋಸೆ ಮಾಡಿಟ್ಟಿದ್ದಳು. ಬೆಳಗ್ಗೆ ಗಂಡ ಆಫೀಸಿನ ಮೀಟಿಂಗ್ ಎಂದು ಲ್ಯಾಪ್‌ಟಾಪ್ ಬಿಚ್ಚಿ ಕೂತರು. ನಾನೂ ಮಗಳೂ ರೈಲು ಹಿಡಿದು ಹೋದೆವು. ನಾನು ಸೀರೆ ಉಟ್ಟಿರಲಿಲ್ಲ, ಅವಳಿಗೆ ಮುಜುಗರ ಆಗಬಾರದು ಅಂತ. ಅಷ್ಟೆಲ್ಲ ಯೋಚನೆ ಮಾಡಿದವಳು ನಾನು.

ಕಾಲೇಜಿನಲ್ಲಿ ಪ್ರವೇಶ ನೋಡಿಕೊಳ್ಳುವ ಹೆಂಗಸು ನನ್ನದೇ ವಯಸ್ಸಿನವಳು. ತಾನೇ ಚಹಾ ಮಾಡಿ ತಂದುಕೊಟ್ಟಳು. ಮಗಳು ಬರೆದಿದ್ದ ಪ್ರಬಂಧವನ್ನು ನಿಜವಾಗಿ ಓದಿದ್ದಳು, ಒಂದು ವಾಕ್ಯವನ್ನು ನೆನಪಿನಿಂದ ಹೇಳಿದಳು. ಮಗಳ ಮುಖ ಅರಳಿತು. ಇದೇ ಜಾಗ ಇವಳಿಗೆ ಸರಿ ಎಂದು ನನಗೆ ಆಗಲೇ ಖಾತ್ರಿಯಾಯಿತು. ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

"ಇಲ್ಲಿ ಒಂದು ಕುರ್ಚಿ ಖಾಲಿಯಾದರೆ ಎಲ್ಲರಿಗೂ ಕಾಣುತ್ತದೆ. ಇವಳಿಗಾಗಿ ಶುಕ್ರವಾರವನ್ನು ಬದಲಿಸಿದರೆ ಇನ್ನೊಂಬತ್ತು ಮಕ್ಕಳ ದಿನ ಬದಲಾಗುತ್ತದೆ. ಮಾಡಬಹುದು, ಹಿಂದೆ ಒಬ್ಬ ಸಂಗೀತಗಾರನಿಗೆ ಮಾಡಿದ್ದೇವೆ. ಆದರೆ ಈ ಕ್ರೀಡೆ ಇವಳಿಗೆ ಎಷ್ಟು ಮುಖ್ಯ ಎಂದು ತಾಯಿಯಾಗಿ ನೀವು ಹೇಳಿ" ಎಂದಳು.

ಆ ಪ್ರಶ್ನೆ ನನ್ನ ಕಿವಿಗೆ ಬೇರೆಯೇ ಆಗಿ ಬಿತ್ತು. ಚಹಾ ಕೊಟ್ಟ ಮನೆಯಲ್ಲಿ ಕೂತು, ನಿಮ್ಮ ಮಗಳಿಗಾಗಿ ಒಂಬತ್ತು ಮಂದಿಗೆ ತೊಂದರೆ ಕೊಡಲೇ ಎಂದು ಕೇಳಿದರೆ, ಕೊಡಿ ಎನ್ನುವುದು ಹೇಗೆ? ನಮ್ಮಲ್ಲಿ ಎರಡನೆಯ ದೋಸೆ ಬೇಕಾ ಎಂದು ಕೇಳಿದರೂ ಮೊದಲು ಬೇಡ ಎನ್ನಬೇಕು. ಮೇಲಾಗಿ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಆಕೆ ಅಂದುಕೊಂಡರೆ? ಎದುರಿಗೇ ಹುಡುಗಿ ಕೂತಿದ್ದಾಳೆ, ತಿಂಗಳಲ್ಲಿ ದೊಡ್ಡ ಸ್ಪರ್ಧೆ ಬರುವುದಿದೆ, ನನ್ನ ಕಣ್ಣೇ ತಾಗಿದರೆ? ಇಷ್ಟೂ ಒಂದು ಗುಟುಕು ಚಹಾ ನುಂಗುವುದರಲ್ಲಿ ತಲೆಯೊಳಗೆ ಓಡಿ ಹೋಯಿತು.

"ಅಯ್ಯೋ, ಬೇಡ ಬೇಡ. ಅಂಥದ್ದೇನಿಲ್ಲ. ಏನೋ ನಡೀತಾಳೆ, ಅಷ್ಟೆ. ನಾಳೆ ಬಿಟ್ಟರೂ ಬಿಟ್ಟಳು. ಓದು ಮುಖ್ಯ. ಇವಳಿಗೋಸ್ಕರ ಯಾರಿಗೂ ತೊಂದರೆ ಬೇಡ, ಇವಳೇ ಅಡ್ಜಸ್ಟ್ ಮಾಡಿಕೊಳ್ತಾಳೆ" ಎಂದೆ. ಎಲ್ಲ ಇಂಗ್ಲಿಷಿನಲ್ಲೇ, ನಗುನಗುತ್ತ.

ನಮ್ಮವರಾಗಿದ್ದರೆ ಆಕೆ ಮುಂದೆ ಬಾಗಿ, ಛೆ, ಹಾಗೆಲ್ಲ ಹೇಳಬೇಡಿ, ಇಷ್ಟು ಒಳ್ಳೆಯ ಹುಡುಗಿ, ನಾವು ಮಾಡಿಕೊಡ್ತೇವೆ ಎನ್ನಬೇಕಿತ್ತು. ನಾನು ಆ ಎರಡನೆಯ ಒತ್ತಾಯಕ್ಕೆ ಕಾದೆ. ಆಕೆ ಕಾಗದದ ಮೇಲೆ ಏನೋ ಬರೆದುಕೊಂಡಳು. "ನೇರವಾಗಿ ಹೇಳಿದ್ದಕ್ಕೆ ತುಂಬ ಉಪಕಾರ" ಎಂದು ಎದ್ದು ಕೈಕುಲುಕಿದಳು.

ಕ್ರೇಗಿಬರ್ನ್‌ಗೆ ಹಿಂದಿರುಗುವ ರೈಲಿನಲ್ಲಿ ಮಗಳು ಕಿಟಕಿಯ ಕಡೆ ಕೂತಿದ್ದಳು. ನಾಲ್ಕೈದು ಸ್ಟೇಷನ್ ಕಳೆದ ಮೇಲೆ, "ಅಮ್ಮ, ನೀನು ಹಾಗೇ ಅಂದುಕೊಂಡಿದ್ದೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾತಿನ ಕ್ರಮ ಅದು, ತನ್ನ ಮಕ್ಕಳನ್ನು ತಾನೇ ಹೊಗಳಬಾರದು ಎಂದೆ. ಅದು ಅವರಿಗೆ ಗೊತ್ತಿಲ್ಲ ಎಂದಳು. ಹಾಗಾದರೆ ನೀನೇ ಬಾಯಿ ಬಿಡಬಹುದಿತ್ತಲ್ಲ ಎಂದು ನಾನು ರೇಗಿದೆ. ತಪ್ಪು ಮಾಡಿದವರಿಗೇ ಸಿಟ್ಟು ಬೇಗ. "ದೊಡ್ಡವರು ಒಂದು ಮಾತು ಹೇಳಿದ ಮೇಲೆ ಹೊರಗಿನವರ ಮುಂದೆ ಎದುರಾಡಬಾರದು ಅಂತ ಕಲಿಸಿದ್ದು ನೀನೇ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇಳಿಯುವ ಮೊದಲು ಇನ್ನೊಂದು ಮಾತು ಹೇಳಿದಳು. "ಹೊರಗಿನವರಿಗೆ ಹೇಳದಿದ್ದರೆ ಹೋಗಲಿ. ಮನೆಯಲ್ಲೂ ನೀನು ಯಾವತ್ತೂ ಹೇಳಿಲ್ಲ. ಅದಕ್ಕೇ ಅದು ಬರೀ ಮಾತಿನ ಕ್ರಮವೋ, ನಿಜವೋ ನನಗೆ ಗೊತ್ತಾಗಲಿಲ್ಲ."

ಮೂರು ವಾರಕ್ಕೆ ಪತ್ರ ಬಂತು. ಸೀಟು ಕೊಟ್ಟಿದ್ದರು, ಸಂತೋಷದಿಂದ ಕೊಡುತ್ತಿದ್ದೇವೆ ಎಂದು ಬರೆದಿದ್ದರು. ಕುಟುಂಬದ ಅಪೇಕ್ಷೆಯಂತೆ ಶುಕ್ರವಾರದ ಚರ್ಚೆಯನ್ನು ಇದ್ದ ಹೊತ್ತಿನಲ್ಲೇ ಉಳಿಸಿಕೊಂಡಿದ್ದೇವೆ ಎಂದೂ ಬರೆದಿದ್ದರು. ನಾನು ಅವತ್ತೇ ಉದ್ದದ ಮೇಲ್ ಬರೆದೆ. ನಮ್ಮ ಕಡೆಯ ಪದ್ಧತಿ, ದೃಷ್ಟಿ, ಎರಡನೆಯ ದೋಸೆ, ಎಲ್ಲ ವಿವರಿಸಿದೆ. ನನ್ನ ಮಗಳಷ್ಟು ಚೆನ್ನಾಗಿ ನಡೆಯುವವರನ್ನು ನಾನು ನೋಡಿಲ್ಲ ಎಂದು ಮೊದಲ ಬಾರಿಗೆ ಬರೆದದ್ದು ಆ ಅಪರಿಚಿತ ಹೆಂಗಸಿಗೆ. ಆಕೆಯ ಉತ್ತರದಲ್ಲಿ ಮರ್ಯಾದೆ ಇತ್ತು, ವೇಳೆ ಮಾತ್ರ ಇರಲಿಲ್ಲ: ಎಲ್ಲ ಮಕ್ಕಳಿಗೂ ವೇಳಾಪಟ್ಟಿ ಹೋಗಿಯಾಗಿದೆ, ಮುಂದಿನ ವರ್ಷ ನೋಡೋಣ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ನೂರು ಸಲ ಕೇಳಿದ್ದೆ. ಕೇಳಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಶುಕ್ರವಾರ ಇಲ್ಲದೆ ಗುಂಪಿನಲ್ಲಿ ಜಾಗ ಇಲ್ಲ ಎಂದ ಕೋಚ್. ಮಗಳು ಕಾಲೇಜಿಗೂ ಬೇಡ ಎಂದಳು, ಕೋಚ್‌ಗೂ ಬೇಡ ಎಂದಳು. ಸಿಡ್ನಿಯಲ್ಲೇ ದೊಡ್ಡ ಯೂನಿವರ್ಸಿಟಿಗೆ ಸೇರಿದಳು, ಅಪ್ಪ ಹೇಳಿದ ವಿಷಯಕ್ಕೆ. ಮುನ್ನೂರು ಮಂದಿಯ ಹಾಲ್ ಅಂತೆ, ಹೋಗದಿದ್ದರೆ ಮನೆಯಲ್ಲೇ ವಿಡಿಯೋ ನೋಡಬಹುದಂತೆ. ಕೆಲವು ತಿಂಗಳು ನಮ್ಮ ಮನೆಯಿರುವ ಪೆಂಡಲ್ ಹಿಲ್‌ನ ರಸ್ತೆಗಳಲ್ಲಿ ಒಬ್ಬಳೇ ನಡೆದಳು. ನಾನು ಗೇಟಿನ ಹತ್ತಿರ ನಿಂತು, "ತುಂಬ ಚೆನ್ನಾಗಿ ನಡೀತಿದ್ದಿ ಮಗಾ" ಎಂದು ಒಂದು ದಿನ ಹೇಳಿದೆ. ಕಲಿತುಕೊಂಡ ಪಾಠ ಒಪ್ಪಿಸಿದ ಹಾಗೆ ಕೇಳಿಸಿತು, ನನಗೇ ಕೇಳಿಸಿತು. ಅವಳು "ಥ್ಯಾಂಕ್ಸ್ ಅಮ್ಮ" ಎಂದು ಒಳಗೆ ಹೋದಳು. ಮೊದಲ ಚಳಿಗಾಲದಲ್ಲಿ ಅದೂ ನಿಂತಿತು. ಕಾರಣ ಕೇಳಿದರೆ ಪರೀಕ್ಷೆ ಎಂದಳು, ಆಮೇಲೆ ಮಳೆ ಎಂದಳು, ಆಮೇಲೆ ನಾವು ಕೇಳುವುದನ್ನು ಬಿಟ್ಟೆವು. ಬೂಟುಗಳು ಗರಾಜಿನಲ್ಲಿ ಇವೆ. ಉಪ್ಪು ಮೆಣಸು ಸುಡುವ ಕೆಲಸವೂ ಇಲ್ಲ.

ಕಳೆದ ತಿಂಗಳು ಇಬ್ಬರೂ ಸ್ಟೇಷನ್ ಹತ್ತಿರದ ದಿನಸಿ ಅಂಗಡಿಗೆ ಹೋಗಿದ್ದೆವು. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಒಬ್ಬ ಪರಿಚಯದ ಆಂಟಿ ಮಗಳನ್ನು ಕಂಡು, "ನೀನು ಏನೋ ವಾಕಿಂಗ್‌ನಲ್ಲಿ ಸ್ಟೇಟ್ ಲೆವೆಲ್ ಅಲ್ವೇನೇ?" ಎಂದು ಕೇಳಿದರು. ಅವಳು ಇಂಗ್ಲಿಷಿನಲ್ಲಿ ಏನಾದರೂ ಹೇಳುತ್ತಾಳೆ ಎಂದು ನಾನು ಈರುಳ್ಳಿಗೆ ಕೈ ಹಾಕಿದ್ದೆ.

"ಅಂಥದ್ದೇನಿಲ್ಲ ಆಂಟಿ. ಏನೋ ನಡೀತಿದ್ದೆ, ಅಷ್ಟೆ" ಎಂದಳು ಕನ್ನಡದಲ್ಲಿ. ನನ್ನದೇ ಮಾತು, ನನ್ನದೇ ರಾಗ, ಕೊನೆಯ ಆ ಸಣ್ಣ ನಗು ಕೂಡ.

"ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ ನಿಮ್ಮ ಮಗಳು. ಎಷ್ಟು ವಿನಯ ನೋಡಿ" ಎಂದರು ಆಂಟಿ ನನಗೆ.

ನನಗೆ ತಡೆಯಲಾಗಲಿಲ್ಲ. "ಇಲ್ಲ, ಅವಳು ಸುಮ್ಮನೆ ಹೇಳ್ತಾಳೆ. ಅವಳ ಹಾಗೆ ನಡೆಯುವವರು ಈ ಊರಲ್ಲೇ ಇರಲಿಲ್ಲ" ಎಂದೆ. ಅಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಆಮೇಲೆ ಹಳೆಯ ಹೆದರಿಕೆಯಲ್ಲಿ ಮಗಳ ಮುಖ ನೋಡಿದೆ.

ಅವಳು ನನ್ನ ಕೈಯಿಂದ ಈರುಳ್ಳಿಯ ಚೀಲ ತೆಗೆದುಕೊಂಡು ಟ್ರಾಲಿಗೆ ಹಾಕಿದಳು. "ಹೆದರಬೇಡಮ್ಮ" ಎಂದಳು ಮೆಲ್ಲಗೆ. "ದೃಷ್ಟಿ ತಾಗೋಕೆ ಈಗ ಏನೂ ಇಲ್ಲ."