ಗೊಂಬೆ ಗ್ಯಾರೇಜಿನ ಕಿಟಕಿ

ಸೆಲ್ವಣ್ಣ, ಆ ದಿನ ನಾನು ಏನನ್ನೂ ನೋಡಿರಲಿಲ್ಲ. ವ್ಯಾನಿನ ಚಕ್ರಕ್ಕೆ ನೀವು ಅಡ್ಡ ಕೊಟ್ಟಿದ್ದ ಮರದ ತುಂಡನ್ನು ತೆಗೆದವಳು ನಾನು. ತೆಗೆದದ್ದು ನೀವೆಂದು ಹೇಳಿದವಳೂ ನಾನು.

ಇಷ್ಟನ್ನು ಬರೆಯಲು ಹತ್ತೊಂಬತ್ತು ವರ್ಷ ಬೇಕಾಯಿತು. ನನ್ನ ಒಳ್ಳೆಯತನ ಬರೆಸಿದ್ದಲ್ಲ. ರಟ್ಟಿನ ಒಂದು ಮನೆ ಬರೆಸಿತು.

ಈ ದಸರೆಗೆ ಗೊಂಬೆ ಕೂರಿಸುವಾಗ ಪಾರ್ಕು, ಕೊಳ ಬೇಡ, ಕೊಳ್ಳೇಗಾಲದ ನಮ್ಮ ಹಳೆಯ ಗ್ಯಾರೇಜನ್ನೇ ಇಡೋಣ ಎಂದು ಅಕ್ಕನಿಗೆ ಆಸೆಯಾಯಿತು. ಭಾವ ಕೆಲಸ ಬಿಟ್ಟ ಮೇಲೆ ಆ ಕಟ್ಟಡ ಒಡೆದು ಈಗ ಅಲ್ಲಿ ಬಟ್ಟೆ ಅಂಗಡಿ ಎದ್ದಿದೆ. ಯಳಂದೂರಿನಲ್ಲಿ ಡ್ರಾಯಿಂಗ್ ಟೀಚರ್ ಆಗಿರುವ ನನಗೆ ಅಕ್ಕ ಫೋನ್ ಮಾಡಿದಳು.

"ಮುಂದ್ಗಡೆ ಶೆಡ್ಡು, ಇಂದ್ಗಡೆ ಮ್ಯಾಲೆ ನಮ್ಮ ರೂಮು. ಒಲೆ, ಮಂಚ, ಬೀರು ಎಲ್ಲ ಇರ್ಬೇಕು ಕಣೆ. ಬೀರು ಕಾಲ್ಗೆ ಮರದ ತುಂಡ ಕೊಟ್ಟಿದ್ವಲ್ಲ, ಅದ ಮರೀಬ್ಯಾಡ. ಇಲ್ದಿದ್ರೆ ಬಾಗ್ಲು ತಾನೇ ತಕ್ಕತದೆ." ತಾನೇ ನಕ್ಕಳು. ಆಮೇಲೆ — "ಮೂರು ಬೊಂಬೆ ಸಾಕು. ನಾನು, ನಿಮ್ಮ ಭಾವ, ನೀನು. ಆ ಮಾರ್ಟಳ್ಳಿಯವನ್ದು ಬ್ಯಾಡ."

ಈಗಲೂ ಅವಳು ನಿಮ್ಮ ಹೆಸರು ಹೇಳುವುದಿಲ್ಲ, ಊರು ಹೇಳುತ್ತಾಳೆ. ನಾನು ಹೂಂ ಎಂದೆ.

ಅಡಿಗೊಂದು ಅಂಗುಲದ ಲೆಕ್ಕ. ರಟ್ಟಿನ ಪೆಟ್ಟಿಗೆಯ ಮೇಲ್ಪದರ ಸುಲಿದರೆ ಒಳಗೆ ಅಲೆ ಅಲೆಯಾಗಿ ಶೀಟಿನ ಚಾವಣಿ ಸಿದ್ಧವಾಗಿಯೇ ಕೂತಿರುತ್ತದೆ. ಹಳೆಯ ಚಪ್ಪಲಿಯಿಂದ ಟೈರು, ಅಂಗಿಯ ಗುಂಡಿಗಳಿಂದ ಗ್ಯಾಸ್ ಒಲೆ, ಬೆಂಕಿಪೊಟ್ಟಣಗಳಿಂದ ಮಂಚ. ಸ್ಪ್ಯಾನರುಗಳನ್ನು ಸ್ಟೇಪ್ಲರ್ ಪಿನ್ನು ಬಗ್ಗಿಸಿ ಮಾಡಿದೆ. ಅಷ್ಟು ಚಿಕ್ಕದಾದರೆ ಎಲ್ಲವೂ ಮುದ್ದಾಗುತ್ತದೆ — ಗ್ರೀಸಿನ ಕಲೆ ಕೂಡ. ನಾಲ್ಕು ಭಾನುವಾರ ನಾನು ಊಟ ಮರೆತು ಅದರೊಳಗೇ ವಾಸವಿದ್ದೆ.

ಮೇಲಿನ ರೂಮಿನ ಕಿಟಕಿಯನ್ನು ಶೆಡ್ಡಿನ ಕಡೆಯ ಗೋಡೆಯಲ್ಲಿ ಕತ್ತರಿಸಿದೆ. ಕೈ ತಡವರಿಸಲೂ ಇಲ್ಲ. ಆಮೇಲೆ ಐಸ್‌ಕ್ರೀಮ್ ಕಡ್ಡಿಗಳ ಮೆಟ್ಟಿಲು ಜೋಡಿಸಿದರೆ ಅದು ಹತ್ತಿ ಹತ್ತಿ ನೇರ ಆ ಕಿಟಕಿಗೇ ಹೋಗಿ ನಿಂತಿತು. ಅಳತೆ ತಪ್ಪೆಂದುಕೊಂಡು ಮೆಟ್ಟಿಲನ್ನು ಎರಡು ಸಲ ಕಿತ್ತು ಜೋಡಿಸಿದೆ. ಕಡೆಗೆ ಅಕ್ಕನ ಮದುವೆ ಆಲ್ಬಮ್ಮಿನಲ್ಲಿ ಒಂದು ಫೋಟೋ ಸಿಕ್ಕಿತು. ಶೆಡ್ಡಿನ ಕಡೆಗಿದ್ದದ್ದು ರೂಮಿನ ಬಾಗಿಲು. ಕಿಟಕಿ ಇದ್ದದ್ದು ಹಿಂದೆ — ನಲ್ಲಿಕಟ್ಟೆಯ ಮೇಲೆ, ನುಗ್ಗೇಮರದ ಕಡೆಗೆ.

ಮರದ ತುಂಡು ತೆಗೆದದ್ದನ್ನು ನಾನು ಯಾವತ್ತೂ ಮರೆತಿರಲಿಲ್ಲ. ಮರೆತಿದ್ದೆ ಎಂದು ಬರೆದರೆ ಅದು ಎರಡನೆಯ ಸುಳ್ಳು. ಆದರೆ ವಿಚಿತ್ರ ಕೇಳಿ — ನೀವು ತೆಗೆದದ್ದೂ ನನಗೆ ಕಾಣುತ್ತಿತ್ತು. ನೀವು ಬಗ್ಗುತ್ತೀರಿ, ತುಂಡನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತೀರಿ, ಕಿಟಕಿಯ ಸರಳುಗಳ ನಡುವೆ ನಿಮ್ಮ ಬೆನ್ನು. ಎರಡೂ ಒಂದೇ ತಲೆಯಲ್ಲಿ, ಒಂದಕ್ಕೊಂದು ತಾಗದಂತೆ ಇದ್ದವು. ಹೇಗೆ ಇದ್ದವೋ —

ನಡೆದದ್ದು ಇಷ್ಟು. ನಾನಾಗ ಅಕ್ಕನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದೆ. ಬೀರುವಿನ ಕಾಲು ಕುಂಟಿ, ಕನ್ನಡಿಯ ಬಾಗಿಲು ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಶೆಡ್ಡಿನ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಚ್ಚಿದ ವ್ಯಾನಿತ್ತು. ನೀವು ಅದನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ತುಂಡು ಕೊಟ್ಟು, ಬ್ರೇಕಿನ ಹೊಸ ಕೇಬಲ್ ತರಲು ಹೋಗಿದ್ದಿರಿ. ನಾನು ಇಳಿದು ಬಂದು ಆ ತುಂಡನ್ನು ಎಳೆದುಕೊಂಡೆ. ವ್ಯಾನು ಅಲುಗಲಿಲ್ಲ. ಅದನ್ನು ಗೇರು ಹಿಡಿದಿದೆಯೆಂದು ತಿಳಿಯದೆ, ಇದು ಬೇಕಿಲ್ಲದ್ದು ಎಂದುಕೊಂಡು ಮೇಲೆ ಒಯ್ದು ಬೀರುವಿಗೆ ಕೊಟ್ಟೆ. ಬಾಗಿಲು ನಿಂತಿತು. ಕನ್ನಡಿಯಲ್ಲಿ ಮುಖ ನೋಡಿಕೊಂಡೆ.

ನೀವು ಹಿಂತಿರುಗಿ ಕೇಬಲ್ಲಿನ ಸುರುಳಿ ಬಿಚ್ಚುತ್ತಿದ್ದಾಗ ಭಾವ ವ್ಯಾನಿನ ಬಾಗಿಲಿನಿಂದ ಒಳಗೆ ಬಗ್ಗಿ ಗೇರನ್ನು ನ್ಯೂಟ್ರಲ್‌ಗೆ ತಂದರು. ವ್ಯಾನು ಹಿಂದಕ್ಕೆ ಉರುಳಿತು. ತೆರೆದ ಬಾಗಿಲು ಅವರನ್ನು ಕೆಡವಿತು. ಮುಂದಿನ ಚಕ್ರ ಮೊಣಕಾಲಿನ ಮೇಲೆ ಹಾಯಿತು. ಕೂಗು ಕೇಳಿ ನಾನು ಇಳಿದು ಓಡಿಬಂದೆ.

"ಅಡ್ಡ ಯಾರ್ಲಾ ತಗದದ್ದು?" ಎಂದು ಬಿದ್ದಲ್ಲಿಂದಲೇ ಕೇಳಿದರು.

"ಸೆಲ್ವಣ್ಣ ತಗದ್ರು. ನಾ ಕಿಟಕೀಲಿ ನೋಡ್ದೆ," ಎಂದೆ.

"ತಂಗಚ್ಚಿ, ನೀ ನೋಡ್ದ್ಯಾ?" ಎಂದಿರಿ ನೀವು, ಆಗಲೂ ತಂಗಿಯೆಂದೇ ಕರೆದು. ಒಮ್ಮೆ ತಲೆಯೆತ್ತಿ ಮೇಲೆ ನೋಡಿದಿರಿ. ಶೆಡ್ಡಿನಲ್ಲೇ ಮಲಗುತ್ತಿದ್ದ ನಿಮಗೆ ಆ ಕಡೆ ಕಿಟಕಿಯಿಲ್ಲವೆಂದು ಗೊತ್ತಿರಲೇಬೇಕು. ಆದರೂ ನೀವು — ಅಥವಾ ನೀವು ತಲೆಯೆತ್ತಿದ್ದನ್ನೂ ನಾನು ಈಗ ಸೇರಿಸುತ್ತಿದ್ದೇನೋ. ಗೊತ್ತಿಲ್ಲ. ಅದೇ ಸಂಜೆ ನಿಮ್ಮನ್ನು ಕೆಲಸದಿಂದ ಕಳಿಸಿದರು ಎಂಬುದು ಗೊತ್ತು. ಯಜಮಾನನ ಕಾಲು ಮುರಿದವನೆಂದು ಕೊಳ್ಳೇಗಾಲದಲ್ಲಿ ಯಾವ ಗ್ಯಾರೇಜಿನವರೂ ನಿಮ್ಮನ್ನು ಸೇರಿಸಿಕೊಳ್ಳಲಿಲ್ಲ ಎಂಬುದೂ ಗೊತ್ತು. ಆ ತುಂಡು ಮಾತ್ರ ಕಟ್ಟಡ ಒಡೆಯುವವರೆಗೂ ಬೀರುವಿನ ಕೆಳಗೇ ಇತ್ತು. ಅಕ್ಕ ದಿನಾ ಅದರ ಸುತ್ತ ಗುಡಿಸಿದಳು.

ರಟ್ಟಿನ ಕಿಟಕಿಯನ್ನು ಮುಚ್ಚಿ, ಹಿಂದಿನ ಗೋಡೆಯಲ್ಲಿ ಕೊರೆದೆ. ಹಬ್ಬಕ್ಕೆ ಎರಡು ದಿನವಿರುವಾಗ ಗ್ಯಾರೇಜನ್ನು ಕೊಳ್ಳೇಗಾಲಕ್ಕೆ ಒಯ್ದೆ. ಭಾವ ಕನ್ನಡಕ ಏರಿಸಿ ಬಗ್ಗಿದರು.

"ಮೇಡಮ್ಮು ಗ್ಯಾರೇಜ್ ಇಟ್ಟವ್ಳೆ. ನಂಗೂ ಒಂದು ಕೆಲ್ಸ ಕೊಡಮ್ಮಿ."

"ಮುಟ್ಬ್ಯಾಡಿ," ಎಂದಳು ಅಕ್ಕ. "ನಿಮ್ಮ ಗ್ರೀಸ್ ಕೈ ಗೊತ್ತಿಲ್ವಾ."

"ಗ್ರೀಸ್ ಓಗಿ ಆರು ವರ್ಸ ಆಯ್ತು ಕಣೇ. ನಿನ್ನ ಬಾಯಿಂದ್ಲೇ ಓಗಿಲ್ಲ."

ಬೀರುವಿನ ಕೆಳಗಿನ ತುಂಡು ನೋಡಿ ಅಕ್ಕ ಕೈ ತಟ್ಟಿದಳು. ಭಾವ ಕಿಟಕಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು.

"ಕಿಟಕಿ ತಪ್ಪಾಯ್ತು ಕಣಮ್ಮಿ. ಇಲ್ಲಿಂದ ನಲ್ಲಿಕಟ್ಟೆ ಕಾಣ್ತದೆ, ಶೆಡ್ಡು ಕಾಣಕಿಲ್ಲ. ನೀ ಅವತ್ತು ಇಲ್ಲಿಂದ್ಲೇ ತಾನೆ ನೋಡಿದ್ದು? ಬದ್ಲಾಯ್ಸು."

ಬ್ಲೇಡು ನನ್ನ ಚೀಲದಲ್ಲೇ ಇತ್ತು. ಕತ್ತರಿಸಿದ್ದ ಚೌಕವೂ ಇತ್ತು. ಐದು ನಿಮಿಷದ ಕೆಲಸ.

"ಕಿಟಕಿ ಸರಿಯಾಗೇ ಅದೆ ಭಾವ," ಎಂದೆ. "ನಾ ಯೋಳಿದ್ದು ತಪ್ಪು. ಚಕ್ರದ ಅಡ್ಡ ತಗದು ಬೀರುಗೆ ಕೊಟ್ಟೋಳು ನಾನು."

ಅಕ್ಕ ಗೊಂಬೆ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು ಒಳಗೆ ಹೋದಳು. ಇವತ್ತಿನವರೆಗೂ ನನ್ನೊಡನೆ ಮಾತಾಡಿಲ್ಲ. ಭಾವ ಮೊಣಕಾಲು ತಿಕ್ಕುತ್ತ ಕೂತರು.

"ವರ್ಸವರ್ಸ ಬೆಟ್ಟದ ಜಾತ್ರೆಗೆ ಓಗೋವಾಗ ಅನೂರಲ್ಲಿ ಬಸ್ ನಿಲ್ತದೆ," ಎಂದರು ಕೊನೆಗೆ. "ಸೆಲ್ವ ಅಲ್ಲಿ ಟೈರಂಗ್ಡೀಲಿ ಕೂತಿರ್ತಾನೆ. ಕಂಡ್ರೆ ಎದ್ ನಿಲ್ತಾನೆ ಕಣಮ್ಮಿ. ನಾ ಮೊಕ ತಿರುಗಿಸ್ಕತಿದ್ದೆ."

ಅಕ್ಕ ಬೇಡವೆಂದಿದ್ದ ನಾಲ್ಕನೆಯ ಗೊಂಬೆಯನ್ನು ಆ ವಾರ ಮಾಡಲು ಕೂತೆ. ನೀಲಿ ಅಂಗಿ ಬಂತು. ಮಡಿಸಿದ ತೋಳು, ಕೈಗೆ ಸುತ್ತಿದ ಕೇಬಲ್ಲೂ ಬಂದವು. ಮುಖ ಬರೆಯಲು ಕುಂಚ ಎತ್ತಿದರೆ ಏನೂ ಇಲ್ಲ. ಬೀರುವಿನ ಯಾವ ಕಾಲು ಕುಂಟು ಎಂದು ನೆನಪಿದೆ, ನುಗ್ಗೇಮರದ ಕೊಂಬೆ ಎತ್ತ ವಾಲಿತ್ತು ಎಂದು ನೆನಪಿದೆ. ನಾನು ಯಾರ ಮೇಲೆ ಹೊರಿಸಿದೆನೋ ಆ ಮುಖ ನೆನಪಿಲ್ಲ.

ಶುಕ್ರವಾರ ಹನೂರಿಗೆ ಬರುತ್ತೇನೆ. ಭಾವನೂ ಬರುತ್ತೇನೆಂದಿದ್ದಾರೆ. ನೀವು ಎದ್ದು ನಿಲ್ಲಬೇಡಿ, ಭಾವ ತೋರಿಸುವುದೂ ಬೇಡ. ಯಾರು ಸೆಲ್ವಣ್ಣ ಎಂದು ನಾನು ಆ ಅಂಗಡಿಯಲ್ಲಿ ಕೇಳಿಯೇ ತಿಳಿಯಬೇಕು.