ಬಾವಡಿಯ ಪರೀ ಸರ

ಬಸವಕಲ್ಯಾಣದ ಕೋಟೆ ಕಡೆಯ ಆ ಗಲ್ಲಿಯಲ್ಲಿ ಲಲಿತಾಬಾಯಿ ಅಕ್ಕೋರ ಮುಂದೆ ತಪ್ಪು ಕನ್ನಡ ಮಾತಾಡಿ ದಕ್ಕಿಸಿಕೊಂಡವರಿಲ್ಲ. ಕಾಯಿಪಲ್ಯ ಮಾರುವವಳು “ಬದನಿಕಾಯಿ ಏಕದಂ ತಾಜಾ ಅವ್ರಿ” ಅಂದಳೆನ್ನಿ, “ತಾಜಾ ಅಲ್ಲ, ಹೊಸದು ಅನ್ನು” ಎಂದು ಮೊದಲು ತಿದ್ದಿ, ಆಮೇಲೆ ಬದನೆಕಾಯಿಗೆ ಕೈ ಹಾಕುತ್ತಿದ್ದರು. ಶಾಲೆಯ ಮಕ್ಕಳ ಪಾಡಂತೂ ಕೇಳಲೇಬೇಡಿ. ಅಕ್ಕೋರನ್ನು ಕಂಡರೆ ಮಕ್ಕಳು ಬಾಯಿಯನ್ನೇ ಬಿಡುತ್ತಿರಲಿಲ್ಲ.

ಅದಕ್ಕಾಗಿ ಅಕ್ಕೋರನ್ನು ಬೈದು ಉಪಯೋಗವಿಲ್ಲ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತು, ಉರ್ದುವಿನಲ್ಲೇ ಪಾಠ ಹೇಳುತ್ತಿದ್ದವರು ಲಲಿತಾಬಾಯಿ. ೧೯೫೬ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇನ್ನು ಮೇಲೆ ಕನ್ನಡದಲ್ಲೇ ಕಲಿಸಬೇಕೆಂದು ಹುಕುಂ ಬಂತು. ಮಾಸ್ತರರಿಗೆಲ್ಲ ಹುಮನಾಬಾದಿನಲ್ಲಿ ಕನ್ನಡದ ತರಬೇತಿ ಇಟ್ಟರು. ತೆಂಕಣ ಸೀಮೆಯಿಂದ ಬಂದಿದ್ದ ಗುರುಗಳೊಬ್ಬರು, “ನೀರಿನ ಮೇಲೆ ಒಂದು ವಾಕ್ಯ ಹೇಳಮ್ಮ” ಎಂದು ಲಲಿತಾಬಾಯಿಯನ್ನು ಎಬ್ಬಿಸಿ ನಿಲ್ಲಿಸಿದರು.

“ಬಾವಡಿ ಸಾಫ್ ಇದ್ರ ತಬಿಯತ್ ದುರುಸ್ತ ಇರ್ತದ್ರಿ,” ಎಂದರು ಲಲಿತಾಬಾಯಿ, ಬಹಳ ಹುರುಪಿನಿಂದ. ಬಾವಿ ಶುದ್ಧವಿದ್ದರೆ ಮೈ ನೆಟ್ಟಗಿರುತ್ತದೆ ಎಂಬುದು ಆ ಮಾತಿನ ಅರ್ಥ.

“ಭಲೆ! ಇದರಲ್ಲಿ ಕನ್ನಡ ಎಲ್ಲಿದೆ, ಯಾರಾದರೂ ದುರ್ಬೀನು ಹಾಕಿ ಹುಡುಕಿಕೊಡಿ,” ಎಂದರು ಗುರುಗಳು.

ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ತಮ್ಮ ಕನ್ನಡವೂ ಅಷ್ಟಕ್ಕಷ್ಟೇ ಎಂಬುದು ಆ ಮಹಾನುಭಾವರಿಗೆ ನೆನಪಾಗಲಿಲ್ಲ! ಲಲಿತಾಬಾಯಿ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತ ಊರಿಗೆ ಬಂದರು. ಅಂದಿನಿಂದ ಪುಸ್ತಕದ ಕನ್ನಡವನ್ನು ಬಾಯಿಪಾಠ ಮಾಡಿದರು, ಮನೆಯ ಮಾತಿಗೆ ಬೀಗ ಹಾಕಿದರು.

ಅವರು ಅಂದು ಹೇಳಿದ ಬಾವಡಿ ಸುಮ್ಮನೆ ಬಾಯಿಗೆ ಬಂದದ್ದಲ್ಲ. ಗಲ್ಲಿಯ ನಡುವೆಯೇ ಇತ್ತು, ಮೆಟ್ಟಿಲಿಳಿದು ನೀರು ಮುಟ್ಟುವ ಹಳೆಯ ಕಲ್ಲಿನ ಬಾವಿ. ಇನ್ನೂ ಲಂಗದ ವಯಸ್ಸಿನಲ್ಲಿ ಸೊಸೆಯಾಗಿ ಬಂದ ಲಲಿತಾಬಾಯಿಗೆ ಗಲ್ಲಿಯಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಆ ಮೆಟ್ಟಿಲ ಮೇಲೆ. ಆಕೆ ಕುಲ್ಸುಮ್ ಬೀ, ಬಳೆಗಾರರ ಮನೆಯ ಸೊಸೆ. ಅತ್ತೆಯರ ಮೇಲಿನ ಸಿಟ್ಟನ್ನೆಲ್ಲ ಇಬ್ಬರೂ ಕೊಡದ ಜೊತೆ ಅಲ್ಲೇ ತಿಕ್ಕಿ ತೊಳೆದು ಹೋಗುತ್ತಿದ್ದರು. ಮನೆ ಮುಂದೆ ನಳದ ನೀರು ಬಂದ ಮೇಲೆ ಬಾವಡಿಗೆ ಇಳಿಯುವವರಿಲ್ಲವಾಯಿತು. ಒಬ್ಬರು ಬೂದಿ ಚೆಲ್ಲಿದರು, ಇನ್ನೊಬ್ಬರು ಹರಿದ ಚಾಪೆ ಒಗೆದರು. ಗೆಳತಿಯರ ಮಾತೂ ದಾರಿಯಲ್ಲಿ ಸಿಕ್ಕಾಗ “ಆರಾಮ?” “ಆರಾಮ” ಎಂಬಷ್ಟಕ್ಕೆ ಬಂದು ನಿಂತಿತು. ಇದು ಅಕ್ಕೋರನ್ನು ಒಳಗೊಳಗೇ ಕೊರೆಯುತ್ತಿತ್ತು.

೧೯೮೩ರ ಬೇಸಿಗೆಗೆ ಮುಂಚೆ ಗಲ್ಲಿಯ ಹಿರಿಯ, ಕಿರಾಣಿ ಅಂಗಡಿಯ ಬಸವಣಪ್ಪ, ಶನಿವಾರ ಗಾಡಿಗಳಲ್ಲಿ ಮುರುಮಿನ ಮಣ್ಣು ತರಿಸಿ ಬಾವಡಿಯನ್ನು ಮುಚ್ಚಿಬಿಡುವುದೆಂದು ತೀರ್ಮಾನಿಸಿದ. ಅಕ್ಕೋರು ಅಂಗಡಿಗೇ ಹೋದರು.

“ಅಂತರ್ಜಲದ ಸಂರಕ್ಷಣೆ ನಮ್ಮೆಲ್ಲರ ಆದ್ಯ ಕರ್ತವ್ಯ, ಬಸವಣಪ್ಪನವರೇ.”

“ಅಕ್ಕೋರ, ನೀವು ಮಂತ್ರ ಹೇಳಾಕತ್ತೀರೋ, ಬೈಯಾಕತ್ತೀರೋ, ಒಂದೂ ತಿಳೀವಲ್ದು,” ಎಂದ ಬಸವಣಪ್ಪ ಕೈ ಮುಗಿದು. “ಸೊಳ್ಳಿ ಕಡೀತಾವ, ನಾತ ಹೊಡೀತದ. ಮುಚ್ಚೂದೇ ಛಲೋ ನೋಡ್ರಿ.”

ಮನೆ ಮನೆಗೆ ಹೋಗಿ ಹೇಳಿದರೂ ಅಷ್ಟೆ. ಹೆಂಗಸರು ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದರು. ಅಕ್ಕೋರ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಹೊಸ ಪುಸ್ತಕದಲ್ಲಿ ‘ನಮ್ಮ ಪರಿಸರ’ ಎಂಬ ಪಾಠವಿತ್ತು. ಮುಚ್ಚುವ ಮೊದಲು ಮಕ್ಕಳಾದರೂ ಬಾವಡಿಯನ್ನು ಒಮ್ಮೆ ನೋಡಲಿ ಎಂದು ಅಕ್ಕೋರು ಶುಕ್ರವಾರ ಆ ಪಾಠ ತೆಗೆದರು. “ಪರಿಸರ ಎಲ್ಲಿದೆ? ಬಾವಡಿಯಲ್ಲಿದೆ, ಗಿಡದಲ್ಲಿದೆ, ನಾಳೆ ತೋರಿಸುತ್ತೇನೆ,” ಎಂದರು. ಮಕ್ಕಳು ಸೂರು ಹಾರುವಂತೆ ಕೂಗಿದರು: “ಪರಿಸರ! ಪರಿಸರ!”

ಹೊರಗೆ ಕಿಟಕಿಯ ಕೆಳಗೆ, ನೆರಳಿಗೆಂದು ಬಳೆಯ ಬುಟ್ಟಿ ಇಳಿಸಿ ಕೂತಿದ್ದಳು ಕುಲ್ಸುಮ್ ಬೀ. ಅವಳ ಮನೆಮಾತಿನಲ್ಲಿ ಪರೀ ಅಂದರೆ ರೆಕ್ಕೆಯುಳ್ಳ ದೇವಲೋಕದ ಚೆಲುವೆ. ಸರ ಅಂದರೆ ಏನೆಂದು ಬಳೆಗಾರ್ತಿಗೆ ಯಾರಾದರೂ ಹೇಳಿಕೊಡಬೇಕೇ? ಪರೀಯ ಕೊರಳ ಸರ! ಬಾವಡಿಯಲ್ಲಿದೆ! ನಾಳೆ ಅಕ್ಕೋರು ತೋರಿಸುತ್ತಾರೆ! ಕುಲ್ಸುಮ್ ಬೀ ಬುಟ್ಟಿ ಹೊತ್ತು ಎದ್ದಳು. ಅವಳು ಕಾಲಿಡದ ಮನೆ ಗಲ್ಲಿಯಲ್ಲಿ ಒಂದೂ ಇರಲಿಲ್ಲ. ಸಂಜೆಯೊಳಗೆ ಸುದ್ದಿ ಎಲ್ಲ ಒಲೆಗಳ ಮುಂದೆಯೂ ಕೂತಿತ್ತು.

ಶನಿವಾರ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದ ಅಕ್ಕೋರು ನೋಡುತ್ತಾರೆ, ಬಾವಡಿಯ ಸುತ್ತ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಹೆಂಗಸರು!

“ಲಲಿತಾ, ಲಗೂನ ತೋರಸ. ಗಲ್ಲಿಗೆಲ್ಲಾ ಹೇಳಿ ಕರಕೊಂಡ್ ಬಂದೀನಿ, ನನ್ನ ಇಜ್ಜತ್ ಕಳೀಬ್ಯಾಡ,” ಎಂದಳು ಕುಲ್ಸುಮ್ ಬೀ.

“ಏನನ್ನು ತೋರಿಸಬೇಕು?”

“ಅದೇ, ಪರೀ ಸರ!”

ಅಕ್ಕೋರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹಳೆಯ ಚಟ ನಾಲಿಗೆಗೆ ಬಂತು. “ಪರೀ ಸರ ಅಲ್ಲ. ಪರಿಸರ. ಎಂದರೆ ನಮ್ಮ ಸುತ್ತಮುತ್ತಲಿನ ನೈಸರ್ಗಿಕ...”

“ಸರ ಇಲ್ಲಂತ, ನಡೀರೇ,” ಎಂದಳು ಯಾರೋ ಒಬ್ಬಳು. ಹೆಂಗಸರು ಮುಖ ಸಪ್ಪಗೆ ಮಾಡಿಕೊಂಡು ತಿರುಗಿದರು. ಅತ್ತ ಓಣಿಯ ತಿರುವಿನಲ್ಲಿ ಮುರುಮಿನ ಗಾಡಿಗಳ ಸಪ್ಪಳ ಕೇಳಿತು. ಅಕ್ಕೋರು ಹೊರಟವರಿಗೆ ಅಡ್ಡ ನಿಂತರು. ಇವರು ಹೋದರೆ ಬಾವಡಿಯೂ ಹೋದಂತೆಯೇ.

“ಹಂಗಾದ್ರ ಏನದು?” ಎಂದು ಕುಲ್ಸುಮ್ ಬೀ ಅವರ ಕೈ ಹಿಡಿದಳು. “ಪುಸ್ತಕದ ಮಾತು ಬ್ಯಾಡ. ನಮ್ಮ ಮಾತಿನ್ಯಾಗ ಹೇಳವಾ.”

ಹುಮನಾಬಾದಿನಲ್ಲಿ ಹಾಕಿದ ಬೀಗ ಆಗ ಬಿಚ್ಚಿತು.

“ಬಾವಡಿ ಸಾಫ್ ಇದ್ರ ತಬಿಯತ್ ದುರುಸ್ತ ಇರ್ತದ!” ಎಂದರು ಅಕ್ಕೋರು, ಎಲ್ಲರಿಗೂ ಕೇಳುವಂತೆ. “ಇಷ್ಟೇ ನೋಡ್ರೆವ್ವಾ. ಸೊಳ್ಳಿ ಬಾವಡಿ ತಂದದ್ದಲ್ಲ, ಗಲ್ಲಿ ಕಸಾ ತಂದದ್ದು. ಹಿಂದ ಬರ ಬಿದ್ದಾಗ ಊರೆಲ್ಲಾ ನೀರಿಗೆ ಬಾಯಿ ಬಿಟ್ಟಿತ್ತು, ಈ ಬಾವಡಿ ತಾಯಿ ನಮಗ ನೀರು ಕುಡಿಸ್ಯಾಳ. ಗುಡ್ಡದ ಗಿಡಾ ಕಡದು ಮಳೀನ ಮುನಿಸಿಕೊಳ್ಳೂಹಂಗ ಮಾಡೀವಿ. ನಳದ ಭರೋಸಾ ನಿಮಗೇ ಗೊತ್ತದ. ಈಕಿನ್ನೂ ಹೂಳಿದ್ರ ಮೊಮ್ಮಕ್ಕಳಿಗಿ ಏನು ಕುಡಸ್ತೀರಿ? ಮುರುಮೇನು?”

ಹೆಂಗಸರು ಗೊಳ್ಳೆಂದು ನಕ್ಕರು. ನಕ್ಕವರು ನಿಂತರು. ಈ ನಗುವಿಗೆ ಅಕ್ಕೋರಿಗೆ ಅಳು ಬರಲಿಲ್ಲ.

ಕುಲ್ಸುಮ್ ಬೀ ಬಳೆಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಬಾವಡಿಯೊಳಗೆ ಇಳಿದಳು. “ಯಾ ಅಲ್ಲಾ, ಪರೀ ಇದ್ದಿದ್ರೂ ಈ ನಾತಕ್ಕ ಮೂಗು ಮುಚ್ಚಿಕೊಂಡು ಓಡಿರಬೇಕು!” ಎನ್ನುತ್ತ ಹರಿದ ಚಾಪೆಯೊಂದನ್ನು ಎಳೆದಳು. ಅವಳ ಹಿಂದೆ ಅಕ್ಕೋರು, ಅಕ್ಕೋರ ಹಿಂದೆ ಉಳಿದವರು. ಮನೆಗಳಿಂದ ಬುಟ್ಟಿಗಳು ಬಂದವು. ತಳದ ಮೆಟ್ಟಿಲಿಂದ ಮೇಲಿನವರೆಗೆ ಕೈಯಿಂದ ಕೈಗೆ ಕಸ ಏರತೊಡಗಿತು.

ಗಾಡಿಗಳ ಜೊತೆ ಬಂದ ಬಸವಣಪ್ಪ ಕೆಂಡಾಮಂಡಲವಾದ. “ಎಲ್ಲಾರೂ ಮ್ಯಾಲೆ ಬರ್ರಿ! ಮುರುಮು ಸುರೀಬೇಕು!”

“ಬರಂಗಿಲ್ಲ, ಬಸವಣಪ್ಪಾ,” ಎಂದಳು ಕುಲ್ಸುಮ್ ಬೀ ತಳದಿಂದಲೇ. “ಸುರೀತಿದ್ರ ನಮ್ಮ ತಲಿ ಮ್ಯಾಲೇ ಸುರಿ.”

ಬಸವಣಪ್ಪ ಬಗ್ಗಿ ನೋಡಿದ. ಸಾಲಿನ ನಡುವೆ, ತಲೆಯ ಮೇಲೆ ಕೆಸರಿನ ಬುಟ್ಟಿ ಹೊತ್ತು, ಅವನ ಹೆಂಡತಿ ಸುಂದರಬಾಯಿಯೇ ನಿಂತಿದ್ದಳು.

“ನೀನೂ ಬಂದೀಯೇನ?”

“ಬಂದೀನ್ರಿ. ಇವತ್ತು ಊಟಾ ಬೇಕಂದ್ರ ಗಾಡಿ ಹೊಳ್ಳಸ್ರಿ.”

ಹೊಟ್ಟೆಯ ಮುಂದೆ ಯಾವ ಹಿರಿತನ ನಡೆದೀತು? ಮುರುಮು ಮಳೆಗಾಲದಲ್ಲಿ ಕೆಸರಾಗುವ ಶಾಲೆಯ ಅಂಗಳಕ್ಕೆ ಬಿತ್ತು. ಖಾಲಿ ಗಾಡಿಗಳು ಬಾವಡಿಯ ಕಸ ಹೊತ್ತು ಹೋದವು. ಮುಂದಿನ ವಾರ ಗಂಡಸರೂ ಇಳಿದರು, ಬಸವಣಪ್ಪನೂ ಇಳಿದ. ಹೂಳಿನ ಕೆಳಗಿನ ಸೆಲೆ ಜೀವ ಹಿಡಿದುಕೊಂಡೇ ಇತ್ತು. ಆ ಬೇಸಿಗೆಯಲ್ಲಿ ನಳ ಒಣಗಿ ಸುಂಯ್ ಎಂದಾಗ ಗಲ್ಲಿಯ ಕೊಡಗಳು ತುಂಬಿದ್ದು ಬಾವಡಿಯಲ್ಲೇ. ಸುತ್ತಲೂ ಬೇವಿನ ಸಸಿ ನೆಟ್ಟರು. ಗೆಳತಿಯರಿಬ್ಬರೂ ಸಂಜೆ ಮೆಟ್ಟಿಲ ಮೇಲೆ ಕೂತು, ಈಗ ಅತ್ತೆಯರ ಬದಲು ಸೊಸೆಯರನ್ನು ಬೈಯತೊಡಗಿದರು.

ಎರಡು ವರ್ಷದ ಮೇಲೆ ಅಕ್ಕೋರ ನಿವೃತ್ತಿಯ ಸಮಾರಂಭಕ್ಕೆ ಹೊರಗಿನಿಂದ ಒಬ್ಬ ಸಾಹೇಬರು ಬಂದಿದ್ದರು. “ಈ ಗಲ್ಲಿಯ ಜನರ ಪರಿಸರ ಪ್ರಜ್ಞೆ ಮೆಚ್ಚತಕ್ಕದ್ದು,” ಎಂದು ಭಾಷಣ ಶುರು ಮಾಡಿದರು.

ಕುಲ್ಸುಮ್ ಬೀ ತಡೆಯಲಾರದೆ ಎದ್ದು ನಿಂತಳು. “ಸಾಹೇಬರ, ಪರಿಸರ ಅಲ್ರಿ, ಪರೀ ಸರ. ಬೇಕಾದ್ರ ಅಕ್ಕೋರ್ನೇ ಕೇಳ್ರಿ.”

ಸಭೆಯೆಲ್ಲ ಅಕ್ಕೋರ ಕಡೆ ತಿರುಗಿತು. ಅಕ್ಕೋರ ಮುಂದೆ ಇಂಥ ತಪ್ಪು ಮಾಡಿ ಉಳಿದವರುಂಟೇ? ಹಳೆಯ ವಿದ್ಯಾರ್ಥಿಗಳು ಆಗಲೇ ಕಿವಿ ಮುಟ್ಟಿಕೊಂಡು ಕೂತಿದ್ದರು. ಅಕ್ಕೋರು ಕೊರಳಿನ ಹಾರ ಸರಿಮಾಡಿಕೊಂಡು ಎದ್ದರು, ಗೆಳತಿಯ ಮುಖ ನೋಡಿದರು.

“ಹೌದ್ರಿ ಸಾಹೇಬರ,” ಎಂದರು. “ಆಕಿ ಅಂದದ್ದೇ ಬರೋಬರ್ ಅದ.”